ಏನೂ ಆಗೋದಿಲ್ಲ, ಮುಟ್ಟು

ನಾನು ವಿಜ್ಞಾನ ಓದಿದವಳಲ್ಲ, ಬಿ.ಎ., ಬಿ.ಎಡ್. ಮಾಡಿ ಸಮಾಜ ಪಾಠ ಹೇಳುವವಳು. ಒಂದು ವರ್ಷ ವಿಜ್ಞಾನದ ಮೇಷ್ಟ್ರು ರಜೆ ಹಾಕಿದಾಗ ಎಂಟನೆಯ ತರಗತಿ ನನ್ನ ಪಾಲಿಗೆ ಬಂತು. ಮಕ್ಕಳು ಲೇಡನ್ ಜಾಡಿ ಮಾಡೋಣವೆಂದು ಹಟ ಹಿಡಿದರು.

ಮಾಡುವುದೇನೂ ಕಷ್ಟವಲ್ಲ. ಉಪ್ಪಿನಕಾಯಿಯ ಗಾಜಿನ ಜಾಡಿಗೆ ಒಳಗೂ ಹೊರಗೂ ಮುಕ್ಕಾಲು ಎತ್ತರ ಅಲ್ಯೂಮಿನಿಯಂ ಹಾಳೆ ಅಂಟಿಸಬೇಕು. ಪ್ಲಾಸ್ಟಿಕ್ ಮುಚ್ಚಳದಲ್ಲಿ ಮೊಳೆ ತೂರಿಸಿ, ಅದರಿಂದ ಒಳಹಾಳೆಗೆ ತಾಗುವಂತೆ ತಂತಿ ಇಳಿಬಿಡಬೇಕು. ಹೊರಹಾಳೆಯನ್ನು ಕೈಯಲ್ಲಿ ಹಿಡಿದು, ಉಣ್ಣೆಬಟ್ಟೆಯಿಂದ ಉಜ್ಜಿದ ಪಿವಿಸಿ ಪೈಪನ್ನು ಮೊಳೆಗೆ ಮತ್ತೆ ಮತ್ತೆ ಸವರಿದರೆ ಜಾಡಿಯಲ್ಲಿ ವಿದ್ಯುತ್ತು ಕೂಡಿಕೊಳ್ಳುತ್ತದೆ. ಎರಡೂ ಹಾಳೆಗಳನ್ನು ತಂತಿಯಿಂದ ಜೋಡಿಸಿದೊಡನೆ ‘ಚಟ್’ ಎಂದು ಕಿಡಿ.

ಕಿಡಿ ಹಾರಿತು. ಮಕ್ಕಳು ಚಪ್ಪಾಳೆ ತಟ್ಟಿದರು. “ಈಗ ಖಾಲಿಯಾಯ್ತು” ಎಂದು ಪಾಠ ಮುಂದುವರಿಸಿದೆ. ಸ್ವಲ್ಪ ಹೊತ್ತಾದ ಮೇಲೆ, ಜಾಡಿಯನ್ನು ಎತ್ತಿಡಲು ಮುಂದಿನ ಬೆಂಚಿನ ಹುಡುಗಿಯನ್ನು ಕರೆದೆ. ಅವಳು ಹಿಂಜರಿದಳು.

“ಏನೂ ಆಗೋದಿಲ್ಲ, ಮುಟ್ಟು” ಎಂದೆ.

ಒಂದು ಕೈಯಲ್ಲಿ ಜಾಡಿ ಹಿಡಿದು ಇನ್ನೊಂದು ಕೈ ಮೊಳೆಗೆ ತಾಗಿದ್ದೇ ತಡ, ಚೀರಿದಳು. ಜಾಡಿ ಬಿದ್ದು ಚೂರಾಯಿತು. ಸೂಜಿ ಚುಚ್ಚಿದಷ್ಟೇ ನೋವು, ಗಾಯವಾಗಲಿಲ್ಲ. ಆದರೆ ಅವಳು ತಲೆ ತಗ್ಗಿಸಿ, “ತಪ್ಪಾಯ್ತು ಮಿಸ್, ನಾನೇ ಸರಿಯಾಗಿ ಹಿಡೀಲಿಲ್ಲ” ಎಂದಳು.

“ಹೋಗಲಿ ಬಿಡು” ಎಂದೆ. ಕ್ಷಮಿಸಿದವಳ ಹಾಗೆ!

ಆ ರಾತ್ರಿ ಪುಸ್ತಕ ತೆಗೆದು ಓದಿದೆ. ಒಂದು ಕಿಡಿಗೆ ಜಾಡಿ ಪೂರ್ತಿ ಖಾಲಿಯಾಗುವುದಿಲ್ಲವಂತೆ. ಗಾಜು ಒಂದಿಷ್ಟನ್ನು ಒಳಗೇ ಉಳಿಸಿಕೊಂಡು ಆಮೇಲೆ ಮೆಲ್ಲಗೆ ಹೊರಬಿಡುತ್ತದೆ. ಅದಕ್ಕೇ ಬಲ್ಲವರು ಎರಡು ತುದಿಗಳಿಗೂ ತಂತಿ ಕಟ್ಟಿಯೇ ಇಡುತ್ತಾರೆ. ಹವ್ಯಾಸಕ್ಕಾಗಿ ಹತ್ತಾರು ಸೀಸೆ ಜೋಡಿಸಿ, ಹೆಚ್ಚು ವೋಲ್ಟೇಜು ತುಂಬುವವರಲ್ಲಿ ಇದೇ ಮರೆವು ಪ್ರಾಣ ತೆಗೆಯಬಲ್ಲದು.

ಇತಿಹಾಸದಲ್ಲಿಯೂ ಇದು ಇದೆ. 1746ರಲ್ಲಿ ಫ್ರಾನ್ಸಿನ ನೊಲೆ ಎಂಬ ಪಾದ್ರಿ ವಿಜ್ಞಾನಿ, ದೊರೆ ಹದಿನೈದನೆಯ ಲೂಯಿಯ ಮುಂದೆ 180 ಸೈನಿಕರನ್ನು ಕೈಕೈ ಹಿಡಿಸಿ ನಿಲ್ಲಿಸಿ, ಜಾಡಿಯ ಹೊಡೆತದಿಂದ ಒಟ್ಟಿಗೆ ನೆಗೆಯುವಂತೆ ಮಾಡಿದ. ಅವರಿಗೆ ಒಲ್ಲೆ ಎನ್ನುವ ಬಾಯಿ ಎಲ್ಲಿತ್ತು? 1750ರ ಡಿಸೆಂಬರಿನಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಎರಡು ದೊಡ್ಡ ಜಾಡಿಗಳಿಂದ ಟರ್ಕಿಕೋಳಿ ಕೊಲ್ಲಲು ಹೋಗಿ ತಾನೇ ಹೊಡೆತ ತಿಂದ. ತನ್ನ ಎಡವಟ್ಟನ್ನು ಪತ್ರದಲ್ಲಿ ತಾನೇ ಬರೆದುಕೊಂಡ.

ನಾನು ಸೈನಿಕರನ್ನು ನೆಗೆಸಿದವನ ಸಾಲಿಗೆ ಸೇರಿದ್ದೆ. ಗೊತ್ತಿಲ್ಲದಿರುವುದು ಪಾಪವಲ್ಲ. ಗೊತ್ತಿಲ್ಲದೆ ಧೈರ್ಯ ಹೇಳುವುದು, ಅದರ ಬೆಲೆಯನ್ನು ಬೇರೆಯವರ ಮೈಯಿಂದ ಕೊಡಿಸುವುದು ಏನು? ನಾವು ಹೆಂಗಸರು ಈ ಮಾತನ್ನು ಎಷ್ಟು ಸಲೀಸಾಗಿ ಆಡುತ್ತೇವೆ! ಜಗಳವಾಡಿ ತವರಿಗೆ ಬಂದ ಮಗಳಿಗೆ, “ಎಲ್ಲಾ ತಣ್ಣಗಾಗಿದೆ, ಏನೂ ಆಗೋದಿಲ್ಲ, ಹೋಗಮ್ಮ” ಎನ್ನುತ್ತೇವೆ. ಒಮ್ಮೆ ಕಿಡಿ ಹಾರಿದ್ದಷ್ಟೇ ನಾವು ನೋಡಿರುವುದು. ಒಳಗೆ ಉಳಿದದ್ದು ತಾಗುವುದು ಅವಳ ಕೈಗೆ.

ಮಾರನೆಯ ದಿನ ತರಗತಿಯಲ್ಲಿ ಹೇಳಿದೆ: “ನಿನ್ನೆ ತಪ್ಪು ಅವಳದಲ್ಲ, ನನ್ನದು. ಗೊತ್ತಿಲ್ಲದೆ ಗೊತ್ತಿದೆ ಎಂದೆ.” ಮಕ್ಕಳು ಮುಖ ಮುಖ ನೋಡಿಕೊಂಡರು. ಮನೆಯಿಂದ ತಂದ ಇನ್ನೊಂದು ಜಾಡಿಯಲ್ಲಿ ಪ್ರಯೋಗ ಮತ್ತೆ ಮಾಡಿದೆವು. ಈ ಸಲ ತಂತಿ ಕಟ್ಟಿಟ್ಟು, ಮೊದಲು ನಾನೇ ಮುಟ್ಟಿದೆ. ಆ ಹುಡುಗಿ ನನ್ನ ಮುಖವನ್ನಲ್ಲ, ತಂತಿಯನ್ನು ಎರಡು ಸಲ ನೋಡಿ ಆಮೇಲೆ ಕೈ ಚಾಚಿದಳು.

ನನಗೆ ಸ್ವಲ್ಪ ನೋವಾಯಿತು. ಆದರೆ ಅವಳು ಕಲಿಯಬೇಕಾದ ಪಾಠ ಅದೇ ಆಗಿತ್ತು.