ಕಿರ್ದಿ ಪುಸ್ತಕದ ಪಕ್ಕ ಕೂತು

ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ ಕಡೆಯ ಮಕ್ಕಳು ಕಂಪ್ಯೂಟರ್ ಓದಲು ಸೇರಿದಾಗ ಬರೆಯುವ ಮೊದಲ ಪ್ರೋಗ್ರಾಂಗಳು ಎಲ್ಲ ಕಡೆ ಇರುವಂಥವೇ. ಅವಿಭಾಜ್ಯ ಸಂಖ್ಯೆ ಹುಡುಕುವುದು, ಫಿಬೊನಾಚಿ ಸರಣಿ ಬರೆಸುವುದು, ಎರಡು ಮ್ಯಾಟ್ರಿಕ್ಸ್ ಗುಣಿಸುವುದು. ಕಪ್ಪು ಪರದೆಯ ಮೇಲೆ ಉತ್ತರ ಬಂತೆಂದರೆ ಲ್ಯಾಬ್ ರೆಕಾರ್ಡಿಗೆ ಸಹಿ ಬೀಳುತ್ತದೆ. ಆದರೆ ಮನೆಯಲ್ಲಿ ಅಪ್ಪ "ಏನು ಕಲಿತೆ, ಒಂಚೂರು ತೋರಿಸು ಮಗಾ" ಅಂದರೆ ತೋರಿಸಲು ಅವರ ಕೈಯಲ್ಲಿ ಏನೂ ಇರುವುದಿಲ್ಲ. ಸಾಲ ಮಾಡಿ ಓದಿಸುವ ಅಪ್ಪನಿಗೆ ಮಗಳ ವಿದ್ಯೆ ಕಣ್ಣಿಗೆ ಕಾಣದೆ ಹೋಗುವುದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ಅಂಥ ಮಕ್ಕಳಿಗೆ ನಾನು ಹೇಳುವುದು ಇಷ್ಟೇ. ವೆಬ್‌ಸೈಟು, ಮೊಬೈಲ್ ಆ್ಯಪು ಎಲ್ಲ ಆಮೇಲಿರಲಿ. ಮೊದಲು ನಿಮಗೆ ಗೊತ್ತಿರುವ ಒಬ್ಬರಿಗಾಗಿ, ಅವರ ಒಂದೇ ಒಂದು ಕೆಲಸಕ್ಕಾಗಿ, ಒಂದು ಕಂಪ್ಯೂಟರಿನಲ್ಲಿ ಇಂಟರ್ನೆಟ್ ಇಲ್ಲದೆಯೂ ನಡೆಯುವ ಪುಟ್ಟ ಡೆಸ್ಕ್‌ಟಾಪ್ ಅಪ್ಲಿಕೇಶನ್ ಕಟ್ಟಿ. ಯಾವ ಕೆಲಸ ಎಂದು ದೂರ ಹುಡುಕಬೇಕಾಗಿಲ್ಲ. ಗಣೇಶನ ಹಬ್ಬ ಕಳೆದು ಅಡಿಕೆ ಕೊಯ್ಲು ಶುರುವಾಗಲಿ, ಅಡಿಕೆ ಬೆಳೆಯುವ ಮನೆಯ ಅಂಗಳದಲ್ಲಿ ರಾತ್ರಿ ಹೊತ್ತಿನವರೆಗೂ ಹೆಣ್ಣುಮಕ್ಕಳು ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿರುತ್ತಾರೆ. ಯಂತ್ರ ಬಂದ ಮೇಲೂ ಈ ಕೆಲಸ ಪೂರ್ತಿ ನಿಂತಿಲ್ಲ. ಯಾರು ಎಷ್ಟು ಸುಲಿದರು, ಯಾರಿಗೆ ಎಷ್ಟು ಮುಂಗಡ ಹೋಯಿತು, ಬಾಕಿ ಎಷ್ಟು ಎಂಬುದು ಮನೆಯ ಯಾರೋ ಒಬ್ಬರ ನೋಟ್‌ಬುಕ್ಕಿನಲ್ಲಿರುತ್ತದೆ. ಆ ನೋಟ್‌ಬುಕ್ಕಿನ ಪಕ್ಕ ನಾಲ್ಕು ಸಂಜೆ ಸುಮ್ಮನೆ ಕೂತು ನೋಡಿ. ಅಲ್ಲಿಯವರೆಗೆ ಒಂದು ಸಾಲು ಕೋಡನ್ನೂ ಬರೆಯಬೇಡಿ.

ಕೂತವರಿಗೆ ಮೊದಲು ತಿಳಿಯುವುದು, ಕೆಲಸ ಪಠ್ಯಪುಸ್ತಕದ ಕ್ರಮದಲ್ಲಿ ನಡೆಯುವುದಿಲ್ಲ ಎಂಬುದು. ಲ್ಯಾಬಿನ ಪ್ರೋಗ್ರಾಂ ತಾನೇ ಯಜಮಾನ: ಹೆಸರು ಕೊಡಿ, ಸಂಖ್ಯೆ ಕೊಡಿ ಎಂದು ತನ್ನ ಸರದಿಯಂತೆ ಕೇಳುತ್ತದೆ. ಅಂಗಳದಲ್ಲಿ ಹಾಗಲ್ಲ. ಒಬ್ಬರ ತೂಕ ಬರೆಯುತ್ತಿರುವಾಗಲೇ ಇನ್ನೊಬ್ಬರು ಬಂದು "ಅಣ್ಣಾ, ನಾಳೆ ಆಸ್ಪತ್ರೆಗೆ ಹೋಗಬೇಕು, ಸ್ವಲ್ಪ ದುಡ್ಡು ಬೇಕಿತ್ತು" ಅನ್ನುತ್ತಾರೆ. ಕಿಟಕಿಯುಳ್ಳ ಅಪ್ಲಿಕೇಶನ್ ನಡೆಯುವುದು ಈ ಅಂಗಳದ ರೀತಿಯಲ್ಲೇ. ಅದು ತೆರೆದುಕೊಂಡು ಕಾಯುತ್ತದೆ. ಯಾವ ಬಟನ್ ಮೊದಲು ಒತ್ತಬೇಕು ಎಂಬುದು ಎದುರಿಗೆ ಕೂತವರ ಇಷ್ಟ. ಒತ್ತಿದ ಮೇಲೆ ಅದಕ್ಕೆಂದು ಬರೆದಿಟ್ಟ ಫಂಕ್ಷನ್ ಎದ್ದು ಕೆಲಸ ಮಾಡಿ ಮತ್ತೆ ಕಾಯಲು ಹೋಗುತ್ತದೆ. ಈ ಬಗೆಯ ಪ್ರೋಗ್ರಾಮಿಂಗನ್ನು ಹೊಸಬರ ಕೈಗೆ ಸುಲಭವಾಗಿ ಕೊಟ್ಟವುಗಳಲ್ಲಿ 1991ರ ವಿಷುವಲ್ ಬೇಸಿಕ್ ದೊಡ್ಡದು. ಬಟನ್ನನ್ನು ಎಳೆದು ತಂದು ಫಾರಂ ಮೇಲೆ ಇಟ್ಟರೆ ಅರ್ಧ ಕೆಲಸ ಆದಂತಿತ್ತು. ಇವತ್ತು ಪೈಥಾನ್ ಹಾಕಿಕೊಂಡರೆ ವಿಂಡೋಸ್‌ನಲ್ಲಿ ಅದರ ಜೊತೆಗೇ ಇಂಥ ಕಿಟಕಿ ಕಟ್ಟುವ ಟಿಕಿಂಟರ್ ಬರುತ್ತದೆ. ಬರ್ಕ್ಲಿಯ ಜಾನ್ ಔಸ್ಟರ್‌ಹೌಟ್ ಕಟ್ಟಿದ ಟಿಕೆ ಎಂಬ ಹಳೆಯ ಸಲಕರಣೆ ಅದರ ಬುಡದಲ್ಲಿದೆ. ನೋಡಲು ಚೆಂದವೇನಲ್ಲ. ಹೆಸರು, ತಾರೀಕು, ತೂಕ, ಮುಂಗಡ ಎಂಬ ನಾಲ್ಕು ಖಾನೆಗಳಿಗೆ ಅದೇ ಧಾರಾಳವಾಯಿತು.

ಎರಡನೆಯದಾಗಿ ತಿಳಿಯುವ ವಿಷಯ ಇನ್ನೂ ಆಳದ್ದು, ಮತ್ತು ನಮ್ಮ ಅಂಗಡಿ, ಮಂಡಿಗಳಿಗೆ ತಲೆಮಾರುಗಳಿಂದ ಗೊತ್ತಿರುವುದು. ಹೊಸದಾಗಿ ಪ್ರೋಗ್ರಾಂ ಬರೆಯುವವರು ಸಾಮಾನ್ಯವಾಗಿ ಪ್ರತಿ ಹೆಸರಿನ ಮುಂದೆ "ಬಾಕಿ" ಎಂಬ ಒಂದು ಸಂಖ್ಯೆ ಇಟ್ಟು, ಕೂಲಿ ಸೇರಿದಾಗ ಅದನ್ನು ಹೆಚ್ಚಿಸಿ, ಮುಂಗಡ ಕೊಟ್ಟಾಗ ಇಳಿಸುತ್ತಾರೆ. ಎರಡು ವಾರ ಕಳೆದು ಯಾರಾದರೂ "ನನ್ನ ಲೆಕ್ಕದಲ್ಲಿ ಇನ್ನೂರು ಕಮ್ಮಿ ಬಂದಿದೆಯಲ್ಲ" ಎಂದರೆ ಉತ್ತರವಿಲ್ಲ. ಸಂಖ್ಯೆ ಇದೆ, ಅದು ಹಾಗೇಕಾಯಿತು ಎಂಬುದು ಅಳಿಸಿಹೋಗಿದೆ. ಹಳೆಯ ವ್ಯಾಪಾರಿ ಹೀಗೆ ಎಂದೂ ಮಾಡಲಿಲ್ಲ. ಅವನ ಬಳಿ ಕಿರ್ದಿ ಬೇರೆ, ಖಾತೆ ಬೇರೆ. ನಡೆದದ್ದು ನಡೆದ ದಿನವೇ ನಡೆದ ಹಾಗೆ ಕಿರ್ದಿಗೆ ಬೀಳುತ್ತದೆ. ಖಾತೆ ಅದರಿಂದ ಹುಟ್ಟುತ್ತದೆ. ತಪ್ಪು ಬರೆದಿದ್ದರೆ ಆ ಸಾಲನ್ನು ಅಳಿಸುವುದಿಲ್ಲ, ಸರಿಪಡಿಸಿದ ಇನ್ನೊಂದು ಸಾಲು ಬರೆಯುತ್ತಾರೆ. ಡೇಟಾಬೇಸ್ ಪಾಠದಲ್ಲಿ ಎಷ್ಟೋ ದಿನ ಹೆಣಗಿ ಹೇಳಿಕೊಡುವ ಸಂಗತಿ ಇದು. ಕಿರ್ದಿಯ ಸಾಲುಗಳನ್ನು ಒಂದು ಟೇಬಲ್ಲಿನಲ್ಲಿ ಇಡಿ, ಬಾಕಿಯನ್ನು ಎಲ್ಲಿಯೂ ಬರೆದಿಡಬೇಡಿ, ಕೇಳಿದಾಗಲೆಲ್ಲ ಕೂಡಿ ಕಳೆದು ಹೇಳಿ. ಅಪ್ಲಿಕೇಶನ್ನಿನ ಅರ್ಧ ತಪ್ಪುಗಳು ಹುಟ್ಟುವ ಮೊದಲೇ ಹೋಗುತ್ತವೆ.

ತೂಕದ ಖಾನೆಗೂ ಎಚ್ಚರ ಬೇಕು. ಕೆಲವು ಮನೆಯಲ್ಲಿ ಸುಲಿಗೆ ಕಿಲೋ ಲೆಕ್ಕ, ಕೆಲವು ಮನೆಯಲ್ಲಿ ಡಬ್ಬದ ಲೆಕ್ಕ. ಬರೀ "12" ಎಂದು ಬರೆದಿಟ್ಟರೆ ಹನ್ನೆರಡು ಏನು? ಈ ಎಚ್ಚರ ಹಿಂದಿನವರಿಗೂ ಇತ್ತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರ ಗಂಡಭೇರುಂಡ ಕಂಬವಿದೆ. ಆ ಸೀಮೆಯ ದಾನಶಾಸನಗಳಲ್ಲಿ ಭೂಮಿ ಎಷ್ಟು ಮತ್ತರು ಎಂದು ಹೇಳಿ ಸುಮ್ಮನಾಗುವುದಿಲ್ಲ. ಭೇರುಂಡ ಗಳೆ ಎಂಬ ಅಳತೆಗೋಲಿನಂತೆ ಅಳೆದದ್ದು ಎಂದು ಅಳೆದ ಗಳೆಯ ಹೆಸರನ್ನೂ ಕೆತ್ತಿಸಿರುವುದುಂಟು. ಗಳೆ ಬದಲಾದರೆ ಮತ್ತರಿನ ಅರ್ಥವೂ ಬದಲಾಗುತ್ತದೆಂದು ಶಾಸನ ಬರೆಸಿದವರಿಗೆ ಗೊತ್ತಿತ್ತು. ಸಂಖ್ಯೆಯ ಪಕ್ಕದಲ್ಲಿ ಅಳತೆಯನ್ನೂ, ಆ ದಿನದ ದರವನ್ನೂ ಪ್ರತಿ ಸಾಲಿನಲ್ಲಿ ಬರೆದಿಡಬೇಕು. ಮುಂದಿನ ವಾರ ದರ ಏರಿದಾಗ ಹಳೆಯ ಕೂಲಿ ತಾನಾಗಿ ಬದಲಾಗಿಬಿಟ್ಟರೆ ಅದಕ್ಕಿಂತ ಕೆಟ್ಟ ಲೆಕ್ಕ ಇಲ್ಲ.

ದಶಮಾಂಶದಲ್ಲೂ ಒಂದು ಗುಂಡಿ ಇದೆ. ಪೈಥಾನಿಗೆ 0.1 ಮತ್ತು 0.2 ಕೂಡಿಸಲು ಹೇಳಿ, 0.30000000000000004 ಎಂದು ತೋರಿಸುತ್ತದೆ. ಯಂತ್ರ ಎರಡರ ಲೆಕ್ಕದಲ್ಲಿ ಯೋಚಿಸುವುದರಿಂದ ಹತ್ತರಲ್ಲಿ ಒಂದು ಭಾಗ ಅದಕ್ಕೆ ಪೂರ್ತಿ ಹಿಡಿಯುವುದಿಲ್ಲ. ಆದ್ದರಿಂದ ದುಡ್ಡನ್ನು ಪೈಸೆಯಲ್ಲಿ, ತೂಕವನ್ನು ಗ್ರಾಮಿನಲ್ಲಿ ಪೂರ್ಣ ಸಂಖ್ಯೆಯಾಗಿಯೇ ಇಡುವುದು ಒಳ್ಳೆಯದು. 37 ಕಿಲೋ 400 ಗ್ರಾಂ, ಕಿಲೋಗೆ 14 ರೂಪಾಯಿ ಎಂದಿಟ್ಟುಕೊಳ್ಳಿ. ಒಳಗೆ ಅದು 37400 ಗ್ರಾಂ ಮತ್ತು 1400 ಪೈಸೆ, ಬರುವ ಕೂಲಿ 52360 ಪೈಸೆ. ಪರದೆಗೆ ಬರುವಾಗ 523 ರೂಪಾಯಿ 60 ಪೈಸೆ ಮಾಡಿ ತೋರಿಸಿದರೆ ಆಯಿತು. ದಿನಗೂಲಿಯವರ ಒಂದು ಪೈಸೆಯನ್ನೂ ಕಂಪ್ಯೂಟರಿನ ನೆವದಲ್ಲಿ ಕಳೆಯಬಾರದು.

ಇನ್ನು ಹೆಸರುಗಳು. ಎಲ್ಲವೂ ಕನ್ನಡದಲ್ಲೇ ಇರಲಿ ಎಂಬುದು ನನ್ನ ಹಟ, ಏಕೆಂದರೆ ಆ ಪರದೆಯನ್ನು ಓದಬೇಕಾದವರು ಕನ್ನಡ ಓದುವವರು. ಇಲ್ಲಿ ಕಲಿಯುವುದು ಬಹಳ ಇದೆ. ನಮ್ಮ ಕಣ್ಣಿಗೆ "ಸೊರಬ" ಮೂರು ಅಕ್ಷರ. ಪೈಥಾನ್ ಎಣಿಸಿದರೆ ನಾಲ್ಕು, ಏಕೆಂದರೆ ಯುನಿಕೋಡ್‌ನಲ್ಲಿ ಒ-ಕಾರದ ಚಿಹ್ನೆಗೇ ಒಂದು ಸ್ಥಾನ. "ಶಿಕಾರಿಪುರ" ನಮಗೆ ಐದು, ಅದಕ್ಕೆ ಒಂಬತ್ತು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದರೆ ಕಾಳಮ್ಮನನ್ನು ಕಾವೇರಿಗಿಂತ ಮೊದಲು ತಂದು ನಿಲ್ಲಿಸುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ ಬರುವ ಅಕ್ಷರ, ಯುನಿಕೋಡ್ ಪಟ್ಟಿಯಲ್ಲಿ ಅದು ಲ ಆದ ಮೇಲೆ, ವ ಬರುವ ಮುಂಚೆ ಕೂತಿದೆ. ಸರಿಯಾದ ಕ್ರಮ ಬೇಕೆಂದರೆ ನೀವೇ ಕಲಿಸಬೇಕು. ಒಂದೇ ಊರಿನಲ್ಲಿ ಮೂರು ಜನ ಮಂಜಮ್ಮ ಇರುತ್ತಾರೆ, ಊರವರು ಅವರನ್ನು ಮನೆಯ ಹೆಸರಿನಿಂದಲೋ ಗಂಡನ ಹೆಸರಿನಿಂದಲೋ ಬೇರೆ ಮಾಡಿ ಕರೆಯುತ್ತಾರೆ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಊರು ಕರೆಯುವ ಹೆಸರನ್ನೇ ಪರದೆಯಲ್ಲಿ ತೋರಿಸಿ.

ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಜಾಗ ಸಿಕ್ಕಿದ್ದೇ ಹೀಗೆ ಒಬ್ಬೊಬ್ಬರು ಕೂತು ಕಟ್ಟಿದ ಡೆಸ್ಕ್‌ಟಾಪ್ ತಂತ್ರಾಂಶಗಳಿಂದ ಎಂಬುದನ್ನು ಈ ಮಕ್ಕಳು ತಿಳಿದಿರಬೇಕು. ಕಿನ್ನಿಕಂಬಳದ ಕೆ.ಪಿ. ರಾಯರು ಉಚ್ಚಾರಣೆಯನ್ನು ಅನುಸರಿಸುವ ಕೀಲಿಮಣೆ ವಿನ್ಯಾಸ ಮಾಡಿದರು, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಶೇಷಾದ್ರಿವಾಸು 1998ರಲ್ಲಿ "ಬರಹ"ವನ್ನು ಹೊರತಂದರು, ಅದೂ ಉಚಿತವಾಗಿ. ಮನೆಮನೆಯ ಕಂಪ್ಯೂಟರಿನಲ್ಲಿ ಜನ ಕನ್ನಡದಲ್ಲಿ ಕಾಗದ ಬರೆಯತೊಡಗಿದರು. ಕನ್ನಡ ಗಣಕ ಪರಿಷತ್ತಿನ "ನುಡಿ" ಇಲ್ಲದ ಸರ್ಕಾರಿ ಕಚೇರಿಯನ್ನು ನೆನೆಸಿಕೊಳ್ಳುವುದೂ ಕಷ್ಟ. ಇವರಿಗೆಲ್ಲ ಎದುರಿಗಿದ್ದದ್ದು ಸ್ಪಷ್ಟವಾದ ಒಂದು ಅಗತ್ಯ, ಮತ್ತು ಅದು ಯಾರ ಅಗತ್ಯ ಎಂಬ ತಿಳಿವಳಿಕೆ.

ಮಲೆನಾಡಿನ ಅಂಚಿನ ಊರುಗಳಲ್ಲಿ ಕರೆಂಟು ಹೇಳಿಕೇಳಿ ಹೋಗುವುದಿಲ್ಲ. ಹಾಗಾಗಿ "ಸೇವ್" ಬಟನ್ ಒತ್ತಲು ಕಾಯದೆ ಪ್ರತಿ ಸಾಲೂ ಬರೆದ ತಕ್ಷಣ ಡಿಸ್ಕಿಗೆ ಹೋಗಬೇಕು. ಇದಕ್ಕೆ ಎಸ್‌ಕ್ಯುಲೈಟ್ ಇದೆ, ಅದೂ ಪೈಥಾನ್ ಜೊತೆಗೇ ಬರುತ್ತದೆ. ರಿಚರ್ಡ್ ಹಿಪ್ ಎಂಬಾತ ಅಮೆರಿಕದ ನೌಕಾಪಡೆಯ ಹಡಗಿನ ತಂತ್ರಾಂಶದ ಮೇಲೆ ಕೆಲಸ ಮಾಡುವಾಗ, ಬೇರೆ ಸರ್ವರ್ ನಿಂತುಹೋದರೂ ತಾನು ನಡೆಯುವ ಡೇಟಾಬೇಸ್ ಬೇಕೆಂದು 2000ದಲ್ಲಿ ಇದನ್ನು ಬರೆದ. ಯಾರು ಬೇಕಾದರೂ ಬಳಸಲಿ ಎಂದು ಸಾರ್ವಜನಿಕರಿಗೇ ಬಿಟ್ಟುಕೊಟ್ಟಿದ್ದಾನೆ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಆ ಸಾಲು ಪೂರ್ತಿ ಇರುತ್ತದೆ, ಇಲ್ಲವೇ ಪೂರ್ತಿ ಇರುವುದಿಲ್ಲ, ಅರ್ಧಂಬರ್ಧ ಉಳಿಯುವುದಿಲ್ಲ. ಇಡೀ ಲೆಕ್ಕ ಒಂದೇ ಫೈಲು, ದಿನದ ಕೊನೆಗೆ ಪೆನ್‌ಡ್ರೈವಿಗೆ ನಕಲು ಮಾಡಿಟ್ಟರೆ ನಿಶ್ಚಿಂತೆ. ಮನೆಯಲ್ಲಿರುವುದು ಹಳೆಯ ವಿಂಡೋಸ್ 7 ಕಂಪ್ಯೂಟರ್ ಆಗಿದ್ದರೆ ಪೈಥಾನ್ 3.8ರಲ್ಲೇ ಬರೆಯಿರಿ. ಅದರ ನಂತರದ ಆವೃತ್ತಿಗಳು ಅಲ್ಲಿ ನಡೆಯುವುದಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡಿದ್ದು ಅವರ ಕಂಪ್ಯೂಟರಿನಲ್ಲಿ ಓಡುವವರೆಗೆ ಕೆಲಸ ಮುಗಿದಿಲ್ಲ.

ಈಗ ಎಐ ಕೇಳಿದರೆ ಇಂಥ ಕೋಡ್ ನಿಮಿಷದಲ್ಲಿ ಬರೆದುಕೊಡುತ್ತದೆಯಲ್ಲ ಎಂದು ಮಕ್ಕಳು ಕೇಳಬಹುದು. ಬರೆದುಕೊಡುತ್ತದೆ, ಕೇಳಿ ಕಲಿಯಿರಿ. ಆದರೆ ಡಬ್ಬದ ಲೆಕ್ಕವೋ ಕಿಲೋ ಲೆಕ್ಕವೋ, ಮಂಜಮ್ಮ ಎಂದರೆ ಯಾವ ಮಂಜಮ್ಮ, ಮುಂಗಡವನ್ನು ವಾರಕ್ಕೆ ಮುರಿದುಕೊಳ್ಳುತ್ತಾರೋ ಸೀಸನ್ ಮುಗಿದ ಮೇಲೋ ಎಂಬುದನ್ನು ನೀವು ಅಂಗಳದಲ್ಲಿ ಕೂತು ತಿಳಿದು ಹೇಳಿದ ಹೊರತು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

ಕೊನೆಯದಾಗಿ ಒಂದು ಬಟನ್ ಬಗ್ಗೆ. ಇಲ್ಲಿಯವರೆಗೆ ಆ ನೋಟ್‌ಬುಕ್ ಇದ್ದದ್ದು ಯಜಮಾನರ ಕೈಯಲ್ಲಿ. ಸುಲಿದವರು ತಮ್ಮ ಲೆಕ್ಕವನ್ನು ನೆನಪಿನಲ್ಲೇ ಇಟ್ಟುಕೊಳ್ಳಬೇಕಿತ್ತು, ಯಜಮಾನರು ಹೇಳಿದ ಬಾಕಿಯನ್ನು ನಂಬಬೇಕಿತ್ತು. ನೀವು ಕಟ್ಟುವ ಕಿಟಕಿಯಲ್ಲಿ "ಇವರ ಖಾತೆ ತೋರಿಸು" ಎಂಬ ಬಟನ್ ದೊಡ್ಡದಾಗಿ ಇರಲಿ. ಒತ್ತಿದರೆ ಒಬ್ಬರದೇ ಲೆಕ್ಕ, ದಿನದಿನದ ತೂಕ, ದರ, ಪಡೆದ ಮುಂಗಡ, ಉಳಿದ ಬಾಕಿ, ದೂರದಿಂದಲೂ ಕಾಣುವಷ್ಟು ದಪ್ಪ ಕನ್ನಡ ಅಕ್ಷರದಲ್ಲಿ ಬರಲಿ. ಓದಲು ಬರದವರಿಗೆ ಅವರ ಮಗಳು ಓದಿ ಹೇಳುವಂತೆ ಅದನ್ನೇ ಒಂದು ಚೀಟಿಯಲ್ಲಿ ಮುದ್ರಿಸಿ ಕೈಗೆ ಕೊಡುವ ವ್ಯವಸ್ಥೆ ಇರಲಿ. ಅಪ್ಲಿಕೇಶನ್ ಮಾಡಿಸಿಕೊಂಡವರು ಈ ಬಟನ್ ಕೇಳದೆ ಇರಬಹುದು. ಕೇಳದಿದ್ದರೂ ಇಡಿ, ಯಾಕೆ ಇಟ್ಟಿರಿ ಎಂದು ಅವರಿಗೂ ವಿವರಿಸಿ ಹೇಳಿ.