ಅನ್ಯರ ಆಲಯದಲ್ಲಿ ಪ್ರವಾಸಿ

ತನ್ನ ಧರ್ಮದ್ದಲ್ಲದ ಆಲಯದೊಳಗೆ ಪ್ರವಾಸಿಯಾಗಿ ಕಾಲಿಟ್ಟವನು ಅಲ್ಲಿ ಹೇಗೆ ನಿಲ್ಲಬೇಕು? ಮಕ್ಕಳ ಮನೆಗೆಂದೋ ಪ್ಯಾಕೇಜ್ ಟೂರಿನಲ್ಲೋ ಪ್ಯಾರಿಸ್, ರೋಮ್ ನೋಡಿಬರುವ ಬೆಂಗಳೂರಿನವರಿಗೆ ಈ ಪ್ರಶ್ನೆ ಎದುರಾಗುತ್ತದೆ. ಹಿಂದಿನವರಿಗೆ ಪ್ರಶ್ನೆ ಇಲ್ಲಿಯವರೆಗೆ ಬರುತ್ತಲೇ ಇರಲಿಲ್ಲ, ಹೊರಡುವುದೇ ದೋಷವಾಗಿತ್ತು. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪತಿತನನ್ನಾಗಿಸುವ ಕರ್ಮಗಳ ಸಾಲಿನಲ್ಲಿ ಇಟ್ಟಿದೆ. ಕಡಲು ದಾಟಿದವನನ್ನು ಶ್ರಾದ್ಧದ ಊಟಕ್ಕೆ ಕರೆಯಬಾರದೆಂದು ಮನುಸ್ಮೃತಿ ಹೇಳುತ್ತದೆ. ಮುಂದೆ ನಿಬಂಧಕಾರರು ಸಮುದ್ರಯಾನವನ್ನು ಕಲಿಯುಗದಲ್ಲಿ ಬಿಡಬೇಕಾದ ಕಲಿವರ್ಜ್ಯಗಳಲ್ಲಿ ಸೇರಿಸಿ, ಪ್ರಾಯಶ್ಚಿತ್ತ ಮಾಡಿಕೊಂಡರೂ ಪಂಕ್ತಿಗೆ ಸೇರಿಸುವಂತಿಲ್ಲ ಎಂದರು. ಇದು ಗ್ರಂಥದಲ್ಲಷ್ಟೇ ಉಳಿದ ಮಾತಲ್ಲ. ಉಡುಪಿಯ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು 2008ರಲ್ಲಿ ಪರ್ಯಾಯ ಪೀಠ ಏರುವಾಗ, ವಿದೇಶಕ್ಕೆ ಹೋಗಿಬಂದ ಯತಿಗಳು ಕೃಷ್ಣನ ವಿಗ್ರಹವನ್ನು ಮುಟ್ಟಿ ಪೂಜಿಸಬಹುದೇ ಎಂಬ ಆಕ್ಷೇಪ ಅಷ್ಟಮಠಗಳೊಳಗೇ ಎದ್ದಿತು. ಆದರೂ 2024ರ ಜನವರಿಯಲ್ಲಿ ಅವರು ನಾಲ್ಕನೆಯ ಬಾರಿ ಪರ್ಯಾಯ ಪೀಠ ಏರಿದರು.

ಈ ನಿಷೇಧವನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ಹಡಗಿನಲ್ಲಿ ಸ್ನಾನ, ಸಂಧ್ಯಾವಂದನೆ, ಅಡುಗೆಯ ಮಡಿ ನಡೆಯುವುದು ಕಷ್ಟ. ಧರ್ಮ ಎಂಬುದು ನೆಲ, ನೀರು, ಜೊತೆಗಾರರು ಇವೆಲ್ಲ ಕೂಡಿ ಕಾಪಾಡಿಕೊಂಡು ಬಂದ ಆಚಾರ, ಅವುಗಳಿಂದ ಬೇರ್ಪಟ್ಟವನಲ್ಲಿ ಅದು ಉಳಿಯುವುದಿಲ್ಲ ಎಂಬ ತಿಳಿವಳಿಕೆ ಅದರ ಹಿಂದಿದೆ. ಇದಕ್ಕೆ ಎದುರು ನಿಲ್ಲಬಲ್ಲ ಒಂದು ಉದಾಹರಣೆ ಬೆಂಗಳೂರಿನ ಕುಮಾರ ಪಾರ್ಕಿಗೂ ಸಂಬಂಧಪಟ್ಟದ್ದು. 1927ರಲ್ಲಿ ಆರೋಗ್ಯ ಕೆಟ್ಟ ಗಾಂಧೀಜಿ ನಂದಿ ಬೆಟ್ಟದಲ್ಲಿ ವಿಶ್ರಾಂತಿ ಪಡೆದು, ಜೂನ್‌ನಲ್ಲಿ ಬೆಂಗಳೂರಿಗೆ ಬಂದು ಕುಮಾರ ಪಾರ್ಕಿನಲ್ಲಿ ತಂಗಿದರು. ಅವರ ಆತ್ಮಕಥೆ ಪತ್ರಿಕೆಯಲ್ಲಿ ಕಂತು ಕಂತಾಗಿ ಬರುತ್ತಿದ್ದ ಕಾಲವದು. ಯುರೋಪಿನ ಒಂದು ನಗರವನ್ನು ಪ್ರವಾಸಿಯಾಗಿ ಕಂಡ ಪ್ರಸಂಗ ಅದರ ಮೊದಲ ಭಾಗದಲ್ಲಿದೆ.

1888ರಲ್ಲಿ ಗಾಂಧಿ ಲಂಡನ್ನಿಗೆ ಹೊರಟಾಗ ಮುಂಬಯಿಯ ಮೋಢ ಬನಿಯಾ ಜಾತಿಯ ಮುಖಂಡ ಅವರನ್ನು ಬಹಿಷ್ಕರಿಸಿದ. ನೆರವಾದವರಿಗೆ, ಬೀಳ್ಕೊಡಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ. ತಾಯಿಯ ಎದುರು ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟುವುದಿಲ್ಲವೆಂದು ಆಣೆಯಿಟ್ಟು ಅವರು ಹಡಗು ಹತ್ತಿದರು. 1891ರಲ್ಲಿ ಮರಳಿದಾಗ ಅಣ್ಣ ಅವರನ್ನು ನಾಸಿಕಕ್ಕೆ ಕರೆದೊಯ್ದು ಗೋದಾವರಿಯಲ್ಲಿ ಸ್ನಾನ ಮಾಡಿಸಿ, ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಿದರು. ಒಂದು ಪಂಗಡ ಒಪ್ಪಿತು, ಇನ್ನೊಂದು ಒಪ್ಪಲಿಲ್ಲ. ಒಪ್ಪದವರ ಕಟ್ಟಳೆಗೆ ಗೌರವ ಕೊಟ್ಟು ಗಾಂಧಿ ಅಕ್ಕಭಾವನ ಮನೆಯಲ್ಲೂ ನೀರು ಕುಡಿಯಲಿಲ್ಲ. ಗುಟ್ಟಾಗಿ ಕೊಡಲು ಆ ಮನೆಯವರು ಸಿದ್ಧರಿದ್ದರು. ಬಹಿರಂಗವಾಗಿ ಮಾಡಲಾಗದ್ದನ್ನು ಗುಟ್ಟಾಗಿ ಮಾಡಲು ಇವರು ಸಿದ್ಧರಿರಲಿಲ್ಲ. ಕಡಲು ದಾಟಿದವನಲ್ಲಿ ಧರ್ಮ ಉಳಿದಿತ್ತೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಲಂಡನ್ನಿನಲ್ಲಿ ಓದುತ್ತಿದ್ದಾಗಲೇ ಅವರು ಮಹಾ ಪ್ರದರ್ಶನ ನೋಡಲೆಂದು ಒಂದು ವಾರ ಪ್ಯಾರಿಸ್ಸಿಗೆ ಹೋಗಿದ್ದರು. ಅಲ್ಲೊಂದು ಸಸ್ಯಾಹಾರಿ ಊಟದ ಮನೆಯಿದೆಯೆಂದು ಮೊದಲೇ ತಿಳಿದು, ಅಲ್ಲೇ ಕೋಣೆ ಹಿಡಿದರು. ಕೈಯಲ್ಲಿ ನಕ್ಷೆ ಹಿಡಿದು ಹೆಚ್ಚಾಗಿ ಕಾಲ್ನಡಿಗೆಯಲ್ಲೇ ಊರು ನೋಡಿದರು. ಐಫೆಲ್ ಗೋಪುರದ ಮೊದಲ ಅಂತಸ್ತಿನಲ್ಲಿ, ಅಷ್ಟೆತ್ತರದಲ್ಲಿ ಉಂಡೆ ಎಂದು ಹೇಳಿಕೊಳ್ಳುವುದಕ್ಕಾಗಿಯೇ ಏಳು ಶಿಲಿಂಗ್ ಕೊಟ್ಟು ಊಟ ಮಾಡಿದರು. ಗೋಪುರದಲ್ಲಿ ಕಲೆಯೇನೂ ಇಲ್ಲವೆಂಬುದು ಅವರ ನಿರ್ಣಯ. ಮನಸ್ಸಿನಲ್ಲಿ ನಿಂತದ್ದು ನೋತ್ರ್ ದಾಮ್ ಚರ್ಚು. ಅಲ್ಲಿ ಅವರು ಕೆತ್ತನೆಯ ಜೊತೆಗೆ ಮನುಷ್ಯರನ್ನೂ ನೋಡಿದರು: ಬೀದಿಯ ಗದ್ದಲದಿಂದ ಒಳಬಂದವನ ನಡೆ ಬದಲಾಗುತ್ತದೆ, ಕನ್ಯಾಮಾತೆಯ ಮೂರ್ತಿಯ ಮುಂದೆ ಮಂಡಿಯೂರಿದವರ ಪಕ್ಕದಲ್ಲಿ ಹಾದುಹೋಗುವಾಗ ಅವನು ತಾನಾಗಿಯೇ ವಿನಯದಿಂದ ನಡೆದುಕೊಳ್ಳುತ್ತಾನೆ. ಮಂಡಿಯೂರಿದವರು ಪೂಜಿಸುತ್ತಿದ್ದದ್ದು ಅಮೃತಶಿಲೆಯನ್ನಲ್ಲ, ಅದು ಸೂಚಿಸುವ ದೈವವನ್ನು ಎಂಬ ಭಾವನೆ ವರ್ಷಗಳು ಕಳೆದಂತೆ ಅವರಲ್ಲಿ ಬಲಿಯಿತು.

ಇಲ್ಲೊಂದು ತೊಡಕಿದೆ. ಪರಧರ್ಮದ ಮೂರ್ತಿಯನ್ನು ಹೀಗೆ ಅರ್ಥೈಸುವವನು ತನ್ನದನ್ನೇ ಅಲ್ಲಿ ಕಾಣುತ್ತಿರಬಹುದಲ್ಲವೇ? ಕ್ರೈಸ್ತರ ಮಟ್ಟಿಗೆ ಗಾಂಧಿಯ ಗ್ರಹಿಕೆ ತಪ್ಪಲ್ಲ. ಮೂರ್ತಿಗೆ ಸಲ್ಲಿಸಿದ ಗೌರವ ಅದು ಸೂಚಿಸುವ ಮೂಲಕ್ಕೆ ಸಲ್ಲುತ್ತದೆಂದು 787ರಲ್ಲಿ ಸೇರಿದ್ದ ಚರ್ಚಿನ ಎರಡನೆಯ ನೈಸಿಯಾ ಸಭೆ ನಿರ್ಣಯಿಸಿತ್ತು. ಸೋಜಿಗವೆಂದರೆ ಈ ಮಾತು ಮೇಲುಕೋಟೆಯ ಶ್ರೀವೈಷ್ಣವರಿಗೆ ಸಾಲದು. ಅವರಿಗೆ ಚೆಲುವನಾರಾಯಣ ಸಂಕೇತವಲ್ಲ; ಅರ್ಚಾವತಾರವಾಗಿ ಇಳಿದುಬಂದ ಭಗವಂತನೇ. ಎಲ್ಲ ಮೂರ್ತಿಪೂಜೆಯೂ ಒಂದೇ ಎಂದು ಪ್ರವಾಸಿ ಸಲೀಸಾಗಿ ಹೇಳಿಬಿಟ್ಟರೆ ಎರಡು ಕಡೆಯವರಿಗೂ ಅನ್ಯಾಯವಾಗುತ್ತದೆ. ಆದರೆ ಪಕ್ಕದಲ್ಲಿ ಹಾದುಹೋಗುವವನ ವಿನಯ ಈ ತಾತ್ಪರ್ಯಕ್ಕಾಗಿ ಕಾಯುವುದಿಲ್ಲ. ಪೂಜೆ ನಿಂತ ಸೋಮನಾಥಪುರದಲ್ಲಿ ಶಿಲ್ಪದ ಮುಂದೆ ಎಷ್ಟು ಹೊತ್ತಾದರೂ ನಿಂತು ನೋಡಬಹುದು. ಬೇಲೂರಿನಲ್ಲಿ ಚೆನ್ನಕೇಶವನಿಗೆ ಮಂಗಳಾರತಿ ಎತ್ತುವಾಗ ಕೈಮುಗಿದವರಿಗೆ ಅಡ್ಡ ನಿಲ್ಲಬಾರದೆಂದು ವಿದೇಶಿ ಪ್ರವಾಸಿಗೂ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಅವನು ಪಕ್ಕಕ್ಕೆ ಸರಿಯುವುದು ಬರೀ ಶಿಷ್ಟಾಚಾರವೆಂದು ಕೆಲವರು ಹೇಳಬಹುದು. ಇನ್ನೊಬ್ಬರ ದೇವರು ಅವರಿಗೆ ನಿಜ ಎಂಬುದನ್ನು ಮೈಯೇ ಒಪ್ಪಿಕೊಂಡಿರುವುದರಿಂದ ಅದನ್ನು ಧಾರ್ಮಿಕ ಕ್ರಿಯೆಯೆಂದೇ ಎಣಿಸಬೇಕು.

ಪ್ರವಾಸಿ, ಭಕ್ತ ಎಂಬ ಭೇದವನ್ನು ಬಾಗಿಲಲ್ಲೇ ಮಾಡಬೇಕೇ ಎಂಬ ಚರ್ಚೆ ನೋತ್ರ್ ದಾಮ್‌ನಲ್ಲೇ ಮತ್ತೆ ಎದ್ದಿತು. 2019ರ ಏಪ್ರಿಲ್ 15ರಂದು ಬೆಂಕಿಗೆ ತುತ್ತಾದ ಆಲಯ 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು. ಅದಕ್ಕೆ ಮೊದಲು ಫ್ರಾನ್ಸಿನ ಸಂಸ್ಕೃತಿ ಸಚಿವೆ, ಪ್ರವಾಸಿಗಳಿಂದ ಐದು ಯೂರೋ ಪ್ರವೇಶಶುಲ್ಕ ಪಡೆದು ಆ ಹಣವನ್ನು ಹಳೆಯ ಧಾರ್ಮಿಕ ಕಟ್ಟಡಗಳ ರಕ್ಷಣೆಗೆ ಬಳಸಬಹುದೆಂದು ಸೂಚಿಸಿದರು. 1905ರ ಕಾನೂನಿನ ಪ್ರಕಾರ ಕಟ್ಟಡ ಸರ್ಕಾರದ್ದು, ಆರಾಧನೆಯ ಹಕ್ಕು ಚರ್ಚಿನದು. ಯಾತ್ರಿಕರನ್ನೂ ನೋಡಲು ಬಂದವರನ್ನೂ ಬೇರೆಮಾಡಲು ಚರ್ಚು ಒಪ್ಪಲಿಲ್ಲ. ಆಲಯದೊಳಗೆ ಹೋಗಲು ಈಗಲೂ ಯಾರೂ ಹಣ ಕೊಡಬೇಕಿಲ್ಲ.