ಹಿಟ್ಟಿನ ಕೋಳಿಯೂ ಕದ್ದ ಚಿತ್ರವೂ

ಒಬ್ಬರು ಇನ್ನೊಬ್ಬರಿಗೆ ಸುಳ್ಳು ಹೇಳುವುದರಲ್ಲಿ ಒಗಟೇನೂ ಇಲ್ಲ. ಆದರೆ ತನಗೆ ತಾನೇ ಸುಳ್ಳು ಹೇಳಿಕೊಂಡು ಅದನ್ನು ನಂಬುವುದು ಹೇಗೆ ಸಾಧ್ಯ ಎಂಬುದು ತತ್ತ್ವಶಾಸ್ತ್ರದ ಹಳೆಯ ತೊಡಕುಗಳಲ್ಲಿ ಒಂದು. ಮೋಸ ಮಾಡುವವನಿಗೆ ನಿಜ ತಿಳಿದಿರಬೇಕು, ಮೋಸಹೋಗುವವನಿಗೆ ತಿಳಿದಿರಬಾರದು. ಇಬ್ಬರೂ ಒಬ್ಬನೇ ಆದಾಗ ಈ ಎರಡು ಷರತ್ತುಗಳು ಒಟ್ಟಿಗೆ ನಿಲ್ಲಲಾರವು. ಫ್ರೆಂಚ್ ತತ್ತ್ವಜ್ಞ ಝಾನ್ ಪಾಲ್ ಸಾರ್ತ್ರ್ 1943ರ ತನ್ನ ಮುಖ್ಯ ಗ್ರಂಥದಲ್ಲಿ ಈ ತೊಡಕನ್ನು ಒಂದು ಸಣ್ಣ ಸನ್ನಿವೇಶದ ಮೂಲಕ ಪರೀಕ್ಷಿಸುತ್ತಾನೆ: ಜೊತೆಗಾರ ತನ್ನ ಕೈ ಹಿಡಿದಾಗ ಹೆಣ್ಣೊಬ್ಬಳು ಅದನ್ನು ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ, ಒತ್ತಿ ಹಿಡಿಯುವುದೂ ಇಲ್ಲ, ಕೈ ಅಲ್ಲಿದೆಯೆಂಬುದನ್ನೇ ಗಮನಿಸದವಳಂತೆ ಘನವಾದ ವಿಚಾರಗಳನ್ನು ಮಾತನಾಡುತ್ತಾ ಹೋಗುತ್ತಾಳೆ. ಉದಾಹರಣೆ ಚುರುಕಾಗಿದೆ, ಆದರೆ ಅದು ಒಂದು ಸಂಜೆಯದು. ವಿವಾಹಿತರ ಮನಸ್ಸು ಮತ್ತೊಬ್ಬರ ಕಡೆಗೆ ತಿಂಗಳುಗಟ್ಟಲೆ, ಅಂಗುಲ ಅಂಗುಲವಾಗಿ ಸರಿಯುವ ಬಗೆಯನ್ನು ಬಿಡಿಸಿಟ್ಟವರು ಕಾದಂಬರಿಕಾರರು. ಆ ಮಟ್ಟಿಗೆ ಅವರನ್ನೇ ಈ ವಿಷಯದ ನಿಜವಾದ ಮೀಮಾಂಸಕರೆಂದು ಕರೆಯಬೇಕಾಗುತ್ತದೆ.

1678ರಲ್ಲಿ ಕರ್ತೃವಿನ ಹೆಸರಿಲ್ಲದೆ ಪ್ಯಾರಿಸ್ಸಿನಲ್ಲಿ ಪ್ರಕಟವಾದ, ಮದಾಮ್ ದ ಲಾಫಾಯೆತ್ ಬರೆದದ್ದೆಂದು ಒಪ್ಪಿಕೊಳ್ಳಲಾಗಿರುವ 'ಕ್ಲೇವ್‌ನ ರಾಜಕುಮಾರಿ' ಎಂಬ ಕಾದಂಬರಿಯಲ್ಲಿ ಈ ಸರಿಯುವಿಕೆಯ ಒಂದು ಅಂಗುಲವನ್ನು ತೀರ ಹತ್ತಿರದಿಂದ ನೋಡಬಹುದು. ನೆಮೂರ್ ಎಂಬ ಸಾಮಂತ ನಾಯಕಿಯಲ್ಲಿ ಅನುರಕ್ತನಾಗಿದ್ದಾನೆ. ಆಕೆಯ ಗಂಡನಿಗೆ ಸೇರಿದ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಅವಳ ಭಾವಚಿತ್ರವನ್ನು ಅವನು ಮೇಜಿನ ಮೇಲಿಂದ ಕದಿಯುವುದು ಅರ್ಧ ಸರಿದ ಪರದೆಯ ನಡುವಿನಿಂದ ಆಕೆಯ ಕಣ್ಣಿಗೆ ಬೀಳುತ್ತದೆ. ಎಲ್ಲರೆದುರು ಹಿಂದಕ್ಕೆ ಕೇಳಿದರೆ ಅವನ ಪ್ರೇಮ ಬಯಲಾಗುತ್ತದೆ. ಏಕಾಂತದಲ್ಲಿ ಕೇಳಿದರೆ ಆ ಪ್ರೇಮವನ್ನು ಬಾಯಿಬಿಟ್ಟು ಹೇಳಲು ಅವನಿಗೆ ಅವಕಾಶ ಮಾಡಿಕೊಟ್ಟಂತಾಗುತ್ತದೆ. ಆದ್ದರಿಂದ ಸುಮ್ಮನಿರುವುದೇ ಮೇಲೆಂದು ಆಕೆ ತೀರ್ಮಾನಿಸುತ್ತಾಳೆ. ಎರಡು ಕಾರಣಗಳೂ ನಿಜವಾದವು, ಯಾವ ಹಿರಿಯರ ಮುಂದೆಯೂ ಹೇಳಬಹುದಾದವು. ಅವುಗಳ ಬೆನ್ನಿಗೇ ಲೇಖಕಿ ಮೂರನೆಯದನ್ನು ಸೇರಿಸುತ್ತಾಳೆ: ತಾನು ಕೊಟ್ಟದ್ದು ಅವನಿಗೆ ತಿಳಿಯದಂತೆಯೇ ಅವನಿಗೊಂದು ಉಪಕಾರ ಮಾಡಲು ಸಾಧ್ಯವಾದದ್ದು ಆಕೆಗೆ ಹಿತವಾಗಿತ್ತು.

ಆತ್ಮವಂಚನೆಯ ಗುಟ್ಟು ಇಲ್ಲಿದೆ. ಅದು ಸುಳ್ಳುಗಳಿಂದ ಕಟ್ಟಿದ್ದಲ್ಲ, ಬಿಡಿಬಿಡಿಯಾಗಿ ನಿಜವಾದ ಕಾರಣಗಳಿಂದ ಕಟ್ಟಿದ್ದು. ಆದ್ದರಿಂದಲೇ ಅದನ್ನು ಹಿಡಿಯಲು ಹೊರಟವರ ಕೈಗೆ ಸುಳ್ಳು ಯಾವುದೂ ಸಿಗುವುದಿಲ್ಲ. ಟಾಲ್‌ಸ್ಟಾಯ್ 1875ರಿಂದ ಧಾರಾವಾಹಿಯಾಗಿ ಪ್ರಕಟಿಸಿದ 'ಅನ್ನಾ ಕರೇನಿನಾ' ಇದನ್ನು ಇನ್ನಷ್ಟು ನಿಧಾನವಾಗಿ ತೋರಿಸುತ್ತದೆ. ಮಾಸ್ಕೋದಿಂದ ಪೀಟರ್ಸ್‌ಬರ್ಗ್‌ಗೆ ಹಿಂದಿರುಗುವ ರೈಲಿನಲ್ಲಿ ಅನ್ನಾ ಒಂದು ಇಂಗ್ಲಿಷ್ ಕಾದಂಬರಿಯನ್ನೂ ಅದರ ಹಾಳೆಗಳನ್ನು ಬಿಡಿಸುವ ಕತ್ತಿಯನ್ನೂ ಹಿಡಿದು ಕೂತಿದ್ದಾಳೆ. ನಾಚಿಕೆಪಡುವಂಥದ್ದು ಏನು ನಡೆಯಿತೆಂದು ಮಾಸ್ಕೋದ ನೆನಪುಗಳನ್ನು ಒಂದೊಂದಾಗಿ ತಿರುವಿಹಾಕುತ್ತಾಳೆ, ಏನೂ ಸಿಗುವುದಿಲ್ಲ, ಆದರೂ ಅಲ್ಲಿ ಪರಿಚಯವಾದ ವ್ರಾನ್‌ಸ್ಕಿಯ ನೆನಪಿನ ಬಳಿ ಬಂದಾಗಲೆಲ್ಲ ನಾಚಿಕೆ ಏರುತ್ತದೆ. ತನಿಖೆ ಪ್ರಾಮಾಣಿಕವಾಗಿಯೇ ನಡೆದಿದೆ. ಆದರೆ ಆಕೆ ಹುಡುಕುತ್ತಿರುವುದು ನಡೆದ ಕೃತ್ಯವನ್ನು, ದೊರೆಯಬೇಕಾಗಿದ್ದುದು ಮನಸ್ಸು ವಾಲಿದ ದಿಕ್ಕು. ಮನೆಗೆ ಬಂದ ಮೇಲೆ ಗಂಡನಿಗೆ ಹೇಳಬೇಕೆ ಎಂಬ ಪ್ರಶ್ನೆ ಏಳುತ್ತದೆ. ಹಿಂದೊಮ್ಮೆ ಗಂಡನ ಕೈಕೆಳಗಿನ ತರುಣನೊಬ್ಬ ಪ್ರೇಮದ ಮಾತಾಡಿದಾಗ ಆಕೆ ಅದನ್ನು ತಿಳಿಸಿದ್ದಳು, ಆಕೆಯ ವಿವೇಕದಲ್ಲಿ ತನಗೆ ನಂಬಿಕೆಯಿದೆಯೆಂದು ಕರೇನಿನ್ ಉತ್ತರಿಸಿದ್ದ. ಈಗ ಅದೇ ಉತ್ತರ ಮೌನಕ್ಕೆ ಆಧಾರವಾಗುತ್ತದೆ: ಹೇಳುವ ಅಗತ್ಯವಿಲ್ಲ, ಹೇಳುವಂಥದ್ದೂ ಏನಿಲ್ಲ. ಮುಂದೆ ವ್ರಾನ್‌ಸ್ಕಿ ತನ್ನ ಬೆನ್ನುಹತ್ತಿರುವುದು ತನಗೆ ಬೇಸರ ತರುತ್ತಿದೆಯೆಂದು ಆಕೆ ಮನಸಾರೆ ನಂಬಿರುತ್ತಾಳೆ. ಅವನು ಬರುವನೆಂದು ನಿರೀಕ್ಷಿಸಿದ್ದ ಒಂದು ಸಂಜೆಕೂಟಕ್ಕೆ ಅವನು ಬಾರದೆ ಹೋದಾಗ, ತನಗಾದ ನಿರಾಸೆಯಿಂದಲೇ ಆ ನಂಬಿಕೆ ಸುಳ್ಳೆಂದು ತಿಳಿಯುತ್ತದೆ. ಆತ್ಮಪರಿಶೀಲನೆ ತಿಳಿಸದೆ ಹೋದದ್ದನ್ನು ಒಂದು ಖಾಲಿ ಕುರ್ಚಿ ತಿಳಿಸುತ್ತದೆ.

ಈ ವಂಚನೆಯಲ್ಲಿ ಗಂಡಂದಿರ ಪಾಲೂ ಇದೆಯೆಂಬುದನ್ನು ವಿಮರ್ಶೆ ಸಾಮಾನ್ಯವಾಗಿ ಬೇಗ ದಾಟಿಬಿಡುತ್ತದೆ. ಕರೇನಿನ್ ಒಂದು ರಾತ್ರಿ ಕೋಣೆಯಿಂದ ಕೋಣೆಗೆ ನಡೆದಾಡುತ್ತಾ, ಹೆಂಡತಿಗೂ ತನ್ನದೇ ಆದ ಒಳಬದುಕು ಇರಬಹುದೆಂದು ಮೊದಲ ಬಾರಿಗೆ ಊಹಿಸುತ್ತಾನೆ, ಊಹಿಸಿದೊಡನೆ ಹೆದರುತ್ತಾನೆ, ಅವಳ ಭಾವನೆಗಳು ಅವಳ ಅಂತಃಸಾಕ್ಷಿಗೂ ಧರ್ಮಕ್ಕೂ ಸೇರಿದ ವಿಷಯವೆಂದು ತೀರ್ಮಾನಿಸಿ ನೆಮ್ಮದಿ ಪಡೆಯುತ್ತಾನೆ. ರವೀಂದ್ರನಾಥ ಠಾಕೂರರ 1901ರ ನೀಳ್ಗತೆ 'ನಷ್ಟನೀಡ್'ನಲ್ಲಿ (ಸತ್ಯಜಿತ್ ರಾಯ್ ಅವರ 'ಚಾರುಲತಾ' ಚಿತ್ರಕ್ಕೆ ಇದೇ ಮೂಲ) ಭೂಪತಿಗೆ ತನ್ನ ಇಂಗ್ಲಿಷ್ ಪತ್ರಿಕೆಯೇ ಜಗತ್ತು. ಹೆಂಡತಿ ಚಾರು ಮತ್ತು ತಮ್ಮನ ವರಸೆಯ ಅಮಲ್ ಸಾಹಿತ್ಯದಲ್ಲಿ ಮುಳುಗಿರುವುದು ಅವನಿಗೆ ಅನುಕೂಲವಾಗಿಯೇ ಕಾಣುತ್ತದೆ. ಅಮಲನಿಗೆ ಕಸೂತಿ ಹಾಕಿ ಕೊಡುವುದು, ಹಿತ್ತಿಲಲ್ಲಿ ತೋಟವೊಂದನ್ನು ಯೋಜಿಸುವುದು, ಇಬ್ಬರಿಗಾಗಿ ಮಾತ್ರ ಬರೆಯುವುದು: ಇದರಲ್ಲಿ ಅತ್ತಿಗೆ-ಮೈದುನರ ಸಲಿಗೆಯನ್ನು ಮೀರಿದ್ದು ಯಾವುದೂ ಇಲ್ಲ. ಅಮಲ್ ತನ್ನ ಬರಹವನ್ನು ಪತ್ರಿಕೆಗೆ ಕೊಟ್ಟಾಗ ಚಾರುವಿಗೆ ಬರುವ ಸಿಟ್ಟಿನ ಅಳತೆಯೊಂದೇ ಓದುಗನಿಗೆ ಸುಳಿವು. ಅವನು ಮದುವೆಯಾಗಿ ವಿಲಾಯಿತಿಗೆ ಹೋದ ಮೇಲೆ ಆಕೆ ಗುಟ್ಟಾಗಿ ಕಳಿಸಿದ ತಂತಿಗೆ ಬಂದ ಉತ್ತರ ಭೂಪತಿಯ ಕೈಸೇರುತ್ತದೆ. ಕೊನೆಯಲ್ಲಿ ಅವನು ಮೈಸೂರಿನ ಪತ್ರಿಕೆಯೊಂದರ ಸಂಪಾದಕನಾಗಿ ಹೊರಡುವಾಗ, ಆಕೆ ತನ್ನನ್ನೂ ಕರೆದೊಯ್ಯುವಂತೆ ಕೇಳುತ್ತಾಳೆ. ಮೊದಲು ಅನುಮಾನಿಸಿದ ಅವನು ಕೊನೆಗೆ ಬಾ ಎಂದಾಗ ಬೇಡವೆನ್ನುತ್ತಾಳೆ. ಲೋಕದ ಕಣ್ಣಿಗೆ ಆ ಮನೆಯಲ್ಲಿ ಏನೂ ನಡೆದಿಲ್ಲ.

'ಏನೂ ನಡೆದಿಲ್ಲ' ಎಂಬ ಈ ವಾದಕ್ಕೆ ಕನ್ನಡದಲ್ಲಿ ಬಹಳ ಹಿಂದೆಯೇ ಒಂದು ಕಠಿಣ ಉತ್ತರ ಬಂದಿದೆ. ಜನ್ನ 1209ರಲ್ಲಿ ಮುಗಿಸಿದ 'ಯಶೋಧರ ಚರಿತೆ'ಯನ್ನು ಅಮೃತಮತಿಯ ಜಾರತನದ ಕಥೆಯೆಂದು ಓದುವುದು ವಾಡಿಕೆ. ಆದರೆ ಇರುಳಿನಲ್ಲಿ ಕೇಳಿದ ಹಾಡಿಗೆ ಸೋತು, ಹಾಡಿದವನು ಕುರೂಪಿ ಮಾವಟಿಗನೆಂದು ದೂತಿ ತಿಳಿಸಿದರೂ ಹಿಂಜರಿಯದ ಅವಳು ತನ್ನನ್ನು ತಾನು ವಂಚಿಸಿಕೊಂಡವಳಲ್ಲ. ಆ ಕಾವ್ಯದ ಆತ್ಮವಂಚಕರು ಅವಳ ಗಂಡ ಯಶೋಧರ ಮತ್ತು ಅವನ ತಾಯಿ ಚಂದ್ರಮತಿ: ಜೀವಬಲಿ ಪಾಪವೆಂದು ಬಲ್ಲ ಅವರು ಹಿಟ್ಟಿನ ಕೋಳಿಯನ್ನು ಮಾಡಿ ಕಡಿಯುತ್ತಾರೆ, ಅದು ಕೂಗುತ್ತದೆ, ಫಲವಾಗಿ ಜನ್ಮಜನ್ಮಾಂತರ ಪ್ರಾಣಿಗಳಾಗಿ ಬಳಲುತ್ತಾರೆ. ದೇಹಕ್ಕೆ ತಗಲುವ ಹಿಂಸೆಯನ್ನು ಜೈನರು ದ್ರವ್ಯಹಿಂಸೆಯೆಂದೂ ಮನಸ್ಸಿನಲ್ಲೇ ಸಂಭವಿಸುವುದನ್ನು ಭಾವಹಿಂಸೆಯೆಂದೂ ಕರೆಯುತ್ತಾರೆ. ಎರಡನೆಯದಕ್ಕೆ ಸತ್ತ ಪ್ರಾಣಿ ಬೇಕಾಗಿಲ್ಲ. ಚಾರುವಿನ ಕಸೂತಿ, ಕಳುವಾಗಲು ಬಿಟ್ಟ ಆ ಚಿತ್ರ, ಇವೆಲ್ಲ ಒಂದರ್ಥದಲ್ಲಿ ಹಿಟ್ಟಿನ ಕೋಳಿಗಳೇ.

ಆದರೂ ಹೋಲಿಕೆ ಒಂದು ಕಡೆ ಕೂಡಿಬರುವುದಿಲ್ಲ. ಯಶೋಧರ ಕತ್ತಿ ಎತ್ತಿದಾಗ ಅಲ್ಲೊಂದು ಸಂಕಲ್ಪ, ಅಂದರೆ ಮಾಡುತ್ತೇನೆಂಬ ನಿಶ್ಚಯ, ಇತ್ತು. ಅನ್ನಾಳ ರೈಲಿನಲ್ಲಿ ಅಂಥ ನಿಶ್ಚಯದ ಕ್ಷಣವೇ ಬರುವುದಿಲ್ಲ. ಭಗವದ್ಗೀತೆಯ ಎರಡನೆಯ ಅಧ್ಯಾಯ ಪತನದ ಮೆಟ್ಟಿಲುಗಳನ್ನು ಹೇಳುವಾಗ ವಿಷಯದ ಚಿಂತನೆಯಿಂದ ಸಂಗ, ಸಂಗದಿಂದ ಕಾಮ ಎಂದು ಮುಂದುವರಿಯುತ್ತದೆಯೇ ಹೊರತು ನಡುವೆ ನಿರ್ಧಾರವೆಂಬ ಮೆಟ್ಟಿಲನ್ನು ಎಲ್ಲಿಯೂ ಇಡುವುದಿಲ್ಲ. ನಿರ್ಧಾರವೇ ಇಲ್ಲದ ಮೇಲೆ ಹೊಣೆ ಯಾರದು ಎಂದು ಕೇಳಬಹುದು. ಉಮಾಸ್ವಾತಿಯ ಜೈನಗ್ರಂಥ 'ತತ್ತ್ವಾರ್ಥಸೂತ್ರ' ಹಿಂಸೆಯ ಲಕ್ಷಣವನ್ನೇ ಪ್ರಮಾದದೊಡನೆ ಬೆಸೆದಿದೆ; ಪ್ರಮಾದವೆಂದರೆ ಎಚ್ಚರವಿರಬೇಕಾದ ಕಡೆ ಎಚ್ಚರ ತಪ್ಪುವುದು. ಈ ನೋಟದಲ್ಲಿ ಗಮನವೇ ಒಂದು ಕ್ರಿಯೆ. ನೋಡದಿರುವುದೂ ಮಾಡಿದ್ದೇ ಆಗುತ್ತದೆ. ಸಾರ್ತ್ರ್‌ನ ಉದಾಹರಣೆಯ ಹೆಣ್ಣು ಕೈಯನ್ನು ಮರೆತದ್ದಕ್ಕೆ ಹೊಣೆಯಾಗುವುದು ಇದೇ ಕಾರಣಕ್ಕೆ.

ಹಾಗಾದರೆ ಎಚ್ಚತ್ತವರಿಗೆ ಬಿಡುಗಡೆಯುಂಟೇ ಎಂಬುದಕ್ಕೆ ಲಾಫಾಯೆತ್ ಕೊಡುವ ಉತ್ತರ ಸುಲಭದ್ದಲ್ಲ. ಕ್ಲೇವ್‌ನ ರಾಜಕುಮಾರಿ ಕೊನೆಗೆ ತನ್ನ ಮನಸ್ಸು ಅಪಾಯದಲ್ಲಿದೆಯೆಂದು, ಹೆಸರು ಹೇಳದೆ, ಗಂಡನಲ್ಲೇ ಒಪ್ಪಿಕೊಳ್ಳುತ್ತಾಳೆ. ಹೆಂಡತಿ ಹೀಗೆ ಹೇಳಬಹುದೇ ಎಂದು ಆ ಕಾಲದ ಪತ್ರಿಕೆಯೊಂದು ಓದುಗರನ್ನೇ ಕೇಳುವಷ್ಟು ಆ ಪ್ರಸಂಗ ಚರ್ಚೆಗೊಳಗಾಯಿತು. ಆ ಸತ್ಯ ಗಂಡನಲ್ಲಿ ಮತ್ಸರವಾಗಿ ಬೆಳೆದು ಅವನನ್ನು ಸಾವಿಗೊಯ್ಯುತ್ತದೆ. ಆಮೇಲೆ ಅಡ್ಡಿಯೇನೂ ಉಳಿಯದಿದ್ದರೂ ಆಕೆ ನೆಮೂರನನ್ನು ನಿರಾಕರಿಸುತ್ತಾಳೆ, ಎರಡು ಕಾರಣಗಳನ್ನು ಅವನ ಎದುರಿಗೇ ಹೇಳುತ್ತಾಳೆ: ಸತ್ತ ಗಂಡನಿಗೆ ಸಲ್ಲಬೇಕಾದ ಋಣ ಒಂದು, ಮದುವೆಯಾದ ಮೇಲೆ ನೆಮೂರನ ಪ್ರೇಮ ಆರಿಹೋಗಿ ತಾನು ನರಳಬೇಕಾದೀತೆಂಬ ಭಯ ಇನ್ನೊಂದು. ಮೊದಲನೆಯದು ಘನವಾದದ್ದು, ಅದೊಂದನ್ನೇ ಹೇಳಿದ್ದರೂ ಸಾಕಾಗಿತ್ತು. ಚಿತ್ರ ಕಳುವಾದ ದಿನ ಆಕೆ ಮರ್ಯಾದೆಯ ಕಾರಣಗಳನ್ನು ಎಣಿಸಿ, ಹಿತವಾದ ಕಾರಣವನ್ನು ಅವುಗಳ ಮರೆಯಲ್ಲಿ ಉಳಿಸಿಕೊಂಡಿದ್ದಳು. ಈಗ ತನ್ನ ಸ್ವಾರ್ಥದ ಕಾರಣವನ್ನೂ ಮರೆಮಾಡದೆ, ಅದನ್ನು ಕೇಳಲು ಯಾರಿಗೆ ಹೆಚ್ಚು ನೋವಾಗುವುದೋ ಅವನಿಗೇ ಹೇಳಿ ಹೊರಟುಹೋಗುತ್ತಾಳೆ.